ಎರಡು ಪ್ರಶ್ನೆಯ ಚೀಟಿ

ಶಾಲೆ ಬಿಟ್ಟ ದೊಡ್ಡವರಿಗೆಂದು ನಡೆಯುವ ನಮ್ಮ ತರಗತಿಯಲ್ಲಿ ಬುಧವಾರ ಮಧ್ಯಾಹ್ನ ಜೋಡಿ ಓದು. ನಾನು ಬರೆದದ್ದನ್ನು ಜೊತೆಯವರು ಓದಬೇಕು, ತಿದ್ದಬಾರದು. ಅರ್ಥವಾಗದ್ದರ ಬಗ್ಗೆ ಚೀಟಿಯಲ್ಲಿ ಎರಡು ಪ್ರಶ್ನೆ ಬರೆಯಬೇಕು. ಅದಕ್ಕೆ ಉತ್ತರ ಸೇರಿಸಿ ನಾನು ಮತ್ತೆ ಬರೆಯಬೇಕು. ಎರಡನೆಯ ಬರಹ ಮೊದಲಿನದರ ಹಾಗೆಯೇ ಇದ್ದರೆ ಟೀಚರ್ ಪರೀಕ್ಷೆಗೆ ಹೆಸರು ಕಳಿಸುವುದಿಲ್ಲ. ಹೋದ ವರ್ಷ ನಾನು ಪರೀಕ್ಷೆಗೆ ಕೂರದೆ ಉಳಿದದ್ದು ಹೀಗೆಯೇ. ಈ ವರ್ಷಕ್ಕೆ ಇದೇ ಕೊನೆಯ ಬುಧವಾರ.

ನನ್ನ ಜೋಡಿ ಟೈಲರ್ ಅಕ್ಕ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮೂರು ವಾರದಿಂದ ಅವರ ಚೀಟಿಯಲ್ಲಿ ಒಂದೇ ಮಾತು: ‘ತುಂಬಾ ಚೆನ್ನಾಗಿದೆ.’ ಕೆಳಗೊಂದು ಹೂವು.

ಇವತ್ತೂ ನನ್ನ ಹಾಳೆಯ ಮೇಲೆ ಕಣ್ಣಾಡಿಸಿ ಪೆನ್ನಿನ ಮುಚ್ಚಳ ತೆಗೆದರು. ಹೂವಿನ ಮೊದಲ ಎಸಳು ಮೂಡಿತು. ನನಗೆ ಮೈಯೆಲ್ಲ ಉರಿಯಿತು.

“ಅಕ್ಕ, ಪ್ರಶ್ನೆ...” ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

“ಏನ್ ಕೇಳೋದಮ್ಮ? ಪಾಪ, ಕಷ್ಟಪಟ್ಟು ಬರ್ದಿದ್ದೀಯ. ತಪ್ಪು ಹುಡುಕೋಕೆ ನಾನೇನು ನಿನ್ನ ಅತ್ತೆನಾ?”

ಎರಡನೆಯ ಎಸಳು.

ಅವರ ಹಾಳೆ ನನ್ನ ಮುಂದಿತ್ತು. ‘ನಾನು ಶ್ರದ್ಧೆಯಿಂದ ಬಟ್ಟೆ ಹೊಲಿಯುತ್ತೇನೆ. ಎಲ್ಲರೂ ಮೆಚ್ಚುತ್ತಾರೆ.’ ಹೀಗೇ ಒಂದು ಪುಟ. ಹೋದ ವಾರ ಇದೇ ಅಕ್ಕ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತ ಯಾರಿಗೋ ಹೇಳುತ್ತಿದ್ದ ಕಥೆ ನನ್ನ ಕಿವಿಗೂ ಬಿದ್ದಿತ್ತು. ಚೀಟಿ ಎಳೆದುಕೊಂಡು ಬರೆದೆ: ‘ನೀವು ಹೊಲಿದ ಆ ಮದುಮಗನ ಕೋಟಿನಲ್ಲಿ ಎರಡೂ ಬಲಗೈ ತೋಳೇ ಇದ್ದವಲ್ಲ, ಅದನ್ನೇಕೆ ಬರೆದಿಲ್ಲ? ಅವನೂ ಮೆಚ್ಚಿದನಾ?’

ಅಕ್ಕ ಓದಿದರು. ಹೂವು ಅರ್ಧಕ್ಕೇ ನಿಂತಿತು.

“ಮೂಗಿ ಅಂದ್ಕೊಂಡಿದ್ನಲ್ಲೇ ನಿನ್ನ! ಕತ್ತರಿ ಕಣೇ ನೀನು. ತಾ ಇಲ್ಲಿ ನಿನ್ನ ಹಾಳೆ.”

ಈ ಸಲ ಸಾಲಿನ ಕೆಳಗೆ ಬೆರಳಿಟ್ಟು ಓದಿದರು, ಹೊಲಿಗೆ ಬಿಚ್ಚುವವರ ಹಾಗೆ.

“‘ಕಾರಣಾಂತರಗಳಿಂದ ಶಾಲೆ ಬಿಟ್ಟೆ.’ ಯಾರಮ್ಮ ಈ ಕಾರಣಾಂತರ? ನಿಮ್ಮ ಸೋದರಮಾವನಾ?”

ಹಿಂದಿನ ಬೆಂಚಿನವರು ನಕ್ಕರು. ನನ್ನ ಕಿವಿ ಬಿಸಿಯಾಯಿತು.

“ಏಳನೇ ಕ್ಲಾಸಲ್ಲಿ ಎದ್ದು ನಿಂತು ಪಾಠ ಓದು ಅಂದ್ರು. ದನಿ ಬರ್ಲಿಲ್ಲ. ಮಾರನೇ ದಿನ ಹೋಗ್ಲಿಲ್ಲ.”

“ಅಷ್ಟಕ್ಕೇನಾ? ಮನೇಲಿ ಯಾಕೆ ಅಂತ ಕೇಳ್ಲಿಲ್ವಾ?”

“ಇಲ್ಲ. ಹೇಗೂ ಮನೇಲೇ ಇದ್ದೀಯ, ಪಾತ್ರೆ ತೊಳಿ ಅಂದ್ಲು ಅಮ್ಮ.”

ಅಕ್ಕ ತಮ್ಮ ಚೀಟಿ ಎಳೆದುಕೊಂಡರು. ಆಮೇಲೆ ಅರ್ಧ ಹೂವಿನ ಮೇಲೆಯೇ ಗೀಚತೊಡಗಿದರು. ಯಾವ ಪಾಠ? ಯಾರು ನಕ್ಕರು? ಪುಸ್ತಕ ಏನು ಮಾಡಿದೆ? ಎರಡು ಗೆರೆ ತುಂಬಿ, ಅಂಚು ಹತ್ತಿ, ಚೀಟಿಯ ಬೆನ್ನಿಗೂ ಹೋದರು. ಒಟ್ಟು ಹನ್ನೊಂದು ಪ್ರಶ್ನೆ! ಗಂಟೆ ಹೊಡೆಯಲು ಉಳಿದದ್ದು ಇಪ್ಪತ್ತು ನಿಮಿಷ.

“ಅಕ್ಕ, ಎರಡೇ ಸಾಕು!” ಎಂದೆ. ಟೀಚರೂ ತಿರುಗಿ ನೋಡಿದರು.

“ಬಾಯ್ಮುಚ್ಕೊಂಡು ಬರಿ,” ಎಂದರು ಅಕ್ಕ.

ಹಲ್ಲು ಕಚ್ಚಿ ಹೊಸ ಹಾಳೆ ತೆಗೆದೆ. ‘ನಾನು ಶಾಲೆ ಬಿಟ್ಟದ್ದು ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ,’ ಎಂದು ಶುರುಮಾಡಿದೆ.