ಥೋರಾ ಅಕ್ಕ ಸರ್ಕಾರದ ಮೇಲೆ ಹೂಡಿದ ದಾವೆ

ಆ ಬೇಸಿಗೆಯಲ್ಲಿ ಮಿಡತೆ ಕಾಟ ಹೆಚ್ಚಾಯಿತೆಂದು ಕೇಂದ್ರದ ಒಂದು ಇಲಾಖೆಯವರು ನಮ್ಮ ಹುಲ್ಲುಗಾವಲುಗಳಿಗೆಲ್ಲ ಔಷಧಿ ಹೊಡೆದರು. ಮರುದಿನ ನನ್ನ ಅಕ್ಕ ಥೋರಾಳ ಜೇನುಪೆಟ್ಟಿಗೆಗಳ ಮುಂದೆ ಸತ್ತ ಹುಳಗಳು ರಾಶಿ ಬಿದ್ದಿದ್ದವು. ಸಲಿಕೆಯಿಂದ ಬಾಚಿ ಹೂಳಬೇಕಾಯಿತು. ಇಲಾಖೆಗೆ ದೂರು ಕೊಟ್ಟರೆ, ತಪ್ಪು ತಮ್ಮದಲ್ಲ ಎಂದರು. ಅಕ್ಕ ಗ್ರೇಟ್ ಫಾಲ್ಸ್‌ ಊರಿನ ಫೆಡರಲ್ ಕೋರ್ಟಿನಲ್ಲಿ, ಅಂದರೆ ಕೇಂದ್ರದ್ದೇ ಕೋರ್ಟಿನಲ್ಲಿ, ಅಮೆರಿಕ ಸರ್ಕಾರದ ಮೇಲೆಯೇ ದಾವೆ ಹೂಡಿದಳು.

ನನ್ನ ಗಂಡ ಕಾರ್ಲ್‌ಗೆ ನಗು. "ಜಡ್ಜಿಗೆ ಸಂಬಳ ಕೊಡೋದೂ ಅವರೇ, ನಿನ್ನ ಎದುರು ವಾದಿಸೋ ವಕೀಲನಿಗೆ ಕೊಡೋದೂ ಅವರೇ. ನಿನಗೆ ಸಿಗೋದು ಬರೀ ಮೇಣ, ಥೋರಾ," ಎಂದು ರೇಗಿಸಿದ.

ವಿಚಾರಣೆಯ ದಿನ, ತೀರ್ಮಾನ ಹೇಳಲು ಜನಸಾಮಾನ್ಯರು ಬಂದು ಕೂರುವ ಜ್ಯೂರಿಯ ಕುರ್ಚಿಗಳೆಲ್ಲ ಖಾಲಿಯಿದ್ದವು. ಸರ್ಕಾರದ ಮೇಲಿನ ಇಂಥ ದಾವೆಯನ್ನು ಜಡ್ಜಿ ಒಬ್ಬರೇ ತೀರ್ಮಾನಿಸುತ್ತಾರೆಂದು ಅಕ್ಕನ ವಕೀಲರು ಹೇಳಿದಾಗ ನನಗೆ ಕಾರ್ಲ್‌ನ ಮಾತು ನೆನಪಾಯಿತು. ಜಡ್ಜಿ ಆಲ್ಮಾ ಪ್ರಿಚರ್ಡ್ ಮುಖದಲ್ಲಿ ಏನನ್ನೂ ತೋರಿಸುವವರಲ್ಲ. ಸರ್ಕಾರದ ವಕೀಲ ಅಕ್ಕನನ್ನು ಕಟಕಟೆಯಲ್ಲಿ ನಿಲ್ಲಿಸಿ, ಹುಳಗಳು ರೋಗದಿಂದ ಸತ್ತಿರಬಹುದಲ್ಲ ಎಂದು ಮತ್ತೆ ಮತ್ತೆ ಕೆದಕಿದ.

ಔಷಧಿ ಹೊಡೆಯುವ ಮುಂಚೆ ಜೇನು ಸಾಕುವವರಿಗೆ ತಿಳಿಸಬೇಕೆಂಬುದು ಇಲಾಖೆಯದೇ ನಿಯಮ. ತಿಳಿಸಿದ್ದೆವೆಂದು ಇಲಾಖೆಯ ಅಧಿಕಾರಿ ಸಾಕ್ಷಿ ಹೇಳಿದ್ದ. ಆಮೇಲೆ ಔಷಧಿಯ ಟ್ರಕ್ ಓಡಿಸಿದ್ದ ವೆಸ್ ಟಾಲಿವರ್ ಬಂದು ಪ್ರಮಾಣ ಮಾಡಿದ. ಥೋರಾಗೆ ಫೋನ್ ಮಾಡಿದ್ದೆಯಾ ಎಂದು ಅಕ್ಕನ ವಕೀಲರು ಕೇಳಿದರು. ಅವನು ಹಿಂದೆ ಕೂತಿದ್ದ ಅಧಿಕಾರಿಯನ್ನೊಮ್ಮೆ ನೋಡಿದ.

"ಇಲ್ಲ. ಮಾಡ್ತೀನಿ ಅಂದೆ. ಹೊತ್ತಾಗುತ್ತೆ, ಬೇಡ ಅಂದ್ರು."

ಊರಿಗೆಲ್ಲ ಒಳ್ಳೆಯದಾಗುವ ಕೆಲಸ ಮಾಡುವಾಗ ಇಂಥ ಸಣ್ಣಪುಟ್ಟ ನಷ್ಟಕ್ಕೆ ಸರ್ಕಾರವನ್ನು ಹೊಣೆ ಮಾಡಬಾರದೆಂದು ಸರ್ಕಾರದ ವಕೀಲ ವಾದಿಸಿದ. ಪ್ರಿಚರ್ಡ್ ಕನ್ನಡಕ ತೆಗೆದರು.

"ಹೊರಗೆ ನೀವು ಸರ್ಕಾರ. ಈ ಬಾಗಿಲು ದಾಟಿದ ಮೇಲೆ ಅವರ ಹಾಗೆ ನೀವೂ ಒಬ್ಬ ಕಕ್ಷಿದಾರರು, ಅಷ್ಟೇ. ನಿಮ್ಮ ನಿಯಮಾನ ನೀವೇ ಮುರಿದಿದೀರಿ."

ಅವತ್ತೇ ತೀರ್ಪು ಅಕ್ಕನ ಕಡೆಗಾಯಿತು. ಸರ್ಕಾರ ಆಮೇಲೆ ಮೇಲ್ಮನವಿಗೂ ಹೋಗಲಿಲ್ಲ.

ತೀರ್ಪು ಕೇಳಿ ಹೊರಬಂದಾಗ ಮೆಟ್ಟಿಲ ಮೇಲೆ ವೆಸ್ ಒಬ್ಬನೇ ಸಿಗರೇಟು ಸೇದುತ್ತಿದ್ದ. ಅಕ್ಕ ನೇರವಾಗಿ ಹೋಗಿ ಅವನ ಕೈ ಹಿಡಿದಳು.

"ಅವರು ಕೆಲಸದಿಂದ ತೆಗೆದ್ರೆ ನನ್ನ ಹತ್ರ ಬಾರಪ್ಪ."

"ನನಗೆ ಜೇನುಹುಳ ಅಂದ್ರೆ ಭಯ, ಥೋರಮ್ಮ," ಎಂದ ಅವನು. ಇಬ್ಬರೂ ನಕ್ಕರು.

ದಾರಿಯಲ್ಲಿ ಕಾಫಿಗೆ ನಿಂತೆವು. ಅಕ್ಕ ಯಾವತ್ತೂ ತನ್ನ ಬಗ್ಗೆ ಕೊಚ್ಚಿಕೊಂಡವಳಲ್ಲ. ಅವತ್ತು ಮಾತ್ರ, ಹಣ್ಣಿನ ಪೈ ತಂದಿಟ್ಟ ಹುಡುಗಿ ಏನೂ ಕೇಳದಿದ್ದರೂ, ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು: "ಇವತ್ತು ನಾನು ಸರ್ಕಾರದ ಮೇಲೆ ಕೇಸು ಗೆದ್ದೆ ಕಣಮ್ಮ. ಸರ್ಕಾರದ ಕೋರ್ಟಲ್ಲೇ."