ನೂರು ಕಿಲೋ ಶಶಿ

ಜಮಖಂಡಿಯ ನನ್ನ ಜಿಮ್ಮಿಗೆ ಶಶಿಕಾಂತ ಒಬ್ಬನೇ ಬಂದದ್ದಿಲ್ಲ. ಅವನು ಚಿಮ್ಮಡದ ದೊಡ್ಡ ಜಮೀನುದಾರನ ಮಗ. ಜೊತೆಗೆ ಬರುತ್ತಿದ್ದ ಹೊಳಬಸಪ್ಪ ಅವರ ಹೊಲದ ಆಳು, ನಲವತ್ತು ದಾಟಿದವನು. ಧಣಿ ಬೆಂಚಿನ ಮೇಲೆ ಮಲಗಿ ನೂರು ಕಿಲೋ ಭಾರ ಎತ್ತುವಾಗ ಅದು ಎದೆಗೆ ಬೀಳದಂತೆ ತಲೆಯ ಹಿಂದೆ ನಿಲ್ಲುವುದಷ್ಟೇ ಇವನ ಕೆಲಸ. ಆದರೆ ಇವನು ಎರಡೂ ಕೈ ಹಾಕಿ ಎತ್ತುತ್ತಿದ್ದ. ಅದರ ಮೇಲೆ, “ನಾ ಮುಟ್ಟೇ ಇಲ್ರಿ ಧಣ್ಯಾರ, ಎಲ್ಲಾ ನಿಮ್ಮ ಕಸುವು!” ಎನ್ನುತ್ತಿದ್ದ.

“ತಮ್ಮಾ, ಅರವತ್ತು ಕಿಲೋಕ್ಕ ಇಳಿ. ಒಬ್ಬನ ಎತ್ತು. ವಾರಕ್ಕ ಎರಡೂವರಿ ಕಿಲೋ ಏರಸೋಣು,” ಎಂದು ಶಶಿಕಾಂತನಿಗೆ ಹೇಳಿದೆ. ಅವನು ಇಳಿಯುವ ಬದಲು ಬೆಳಗಾವಿಯಿಂದ ಸೊಂಟಕ್ಕೆ ಚರ್ಮದ ಪಟ್ಟಾ, ಮಣಿಕಟ್ಟಿನ ಪಟ್ಟಿ, ಡಬ್ಬಿಗಟ್ಟಲೆ ಪ್ರೋಟೀನ್ ಪುಡಿ ತರಿಸಿದ. ‘ನೂರು ಕಿಲೋ ಶಶಿ’ ಎಂದು ಊರವರಿಂದ ಕರೆಸಿಕೊಂಡ.

ಬಾಗಲಕೋಟೆಯ ಭಾರ ಎತ್ತುವ ಸ್ಪರ್ಧೆಯಲ್ಲಿ ಗೆದ್ದಿದ್ದರೆ ರಾಜ್ಯಮಟ್ಟಕ್ಕೆ ಹೋಗುತ್ತಿದ್ದ. ಆದರೆ ಆ ಸ್ಪರ್ಧೆಯಲ್ಲಿ ಬೇರೆ ಯಾರೂ ಭಾರಕ್ಕೆ ಕೈ ಹಚ್ಚುವಂತಿಲ್ಲ. ಎದೆಗಿಳಿದ ನೂರು ಕಿಲೋ ಅಲ್ಲೇ ಕೂತಿತು. ಸ್ಪರ್ಧೆಯವರು ಓಡಿಬಂದು ತೆಗೆದು ನೆಲಕ್ಕಿಟ್ಟರು.

ಎದ್ದವನೇ ಶಶಿಕಾಂತ, ಪಕ್ಕದಲ್ಲಿ ನಿಂತಿದ್ದ ಹೊಳಬಸಪ್ಪನ ಮೇಲೆ ಹರಿಹಾಯ್ದ. “ಲೇ, ಎಲ್ಲಿ ಸತ್ತಿದ್ದಿ?”

“ಸ್ಪರ್ಧೆದವರು ಮುಟ್ಟಬ್ಯಾಡ ಅಂದ್ರರಿ ಧಣ್ಯಾರ.”

ನನ್ನ ತಲೆ ಕೆಟ್ಟಿತು. “ಎರಡು ವರ್ಷ ನೀ ಬರೇ ಮಲಕೊಂಡಿದ್ದಿ, ಕಸರತ್ತು ಮಾಡಿದಾವ ಇವ! ಹೊಳಬಸಪ್ಪಾ, ಎತ್ತೋ ಅದನ್ನ.”

ಹೊಳಬಸಪ್ಪ ಧೋತರ ಮೇಲೆ ಕಟ್ಟಿ, ಬರಿಗಾಲಲ್ಲಿ ನಿಂತು, ಆ ನೂರು ಕಿಲೋವನ್ನು ನೆಲದಿಂದ ಸೊಂಟದವರೆಗೆ ಎತ್ತಿ ನಿಂತ. ಜನ ಸೀಟಿ ಹೊಡೆದರು.

ಶಶಿಕಾಂತ ಪಟ್ಟಾ ಬಿಗಿಮಾಡಿಕೊಂಡು ಜನರ ಮುಂದೆ ಬಂದ.

“ನೋಡ್ರಿ, ನಾ ತಯಾರ ಮಾಡಿದ ಆಳು!”