ಹನ್ನೆರಡು ಮಂದಿ ಬಂದರು

ಇವತ್ತೇ ಹೇಳಬೇಕು, ಮಧ್ಯಾಹ್ನದೊಳಗೆ. ಜೀಪು ಪುಣೆ ಬಳಿಯ ತಳೇಗಾಂವ ದಾಟಿ ಮಣ್ಣುರಸ್ತೆಗೆ ಇಳಿದಾಗಲೂ ಅವಧೂತ ಮೊದಲ ವಾಕ್ಯವನ್ನೇ ಹುಡುಕುತ್ತಿದ್ದ.

ಪಕ್ಕದಲ್ಲಿ ಟ್ರಸ್ಟಿನ ನಿರ್ದೇಶಕಿ ನೀರಜಾ ತೊಡೆಯ ಮೇಲೆ ಹೊಸ ನಕ್ಷೆ ಹರಡಿಕೊಂಡಿದ್ದಳು. ಭೂಮಿಯದಲ್ಲ, ಸಿಬ್ಬಂದಿಯದು. 2006ರ ಈ ಏಪ್ರಿಲ್‌ನಲ್ಲಿ ಟ್ರಸ್ಟು ಬೆಳೆದಿತ್ತು. ಇದ್ದ ಮೂವರಿಗೆ ಹೊಸದಾಗಿ ಸೇರಿದ ಹನ್ನೆರಡು ಮಂದಿ ಕೂಡಿದರೆ ಹದಿನೈದಾಗಬೇಕು. ನಕ್ಷೆಯಲ್ಲಿದ್ದ ಚೌಕಗಳು ಹದಿನಾಲ್ಕು.

ಹದಿನೈದನೆಯವಳು ಚಂದಮ್ಮ. ಇನ್ನೂರು ಎಕರೆ ಹುಲ್ಲುಗುಡ್ಡ ಕಾರ್ಖಾನೆಗಳ ಪಾಲಾಗದಿರಲೆಂದು ಟ್ರಸ್ಟು ಕೊಂಡ ದಿನದಿಂದ, ಒಂಬತ್ತು ವರ್ಷ, ಅಲ್ಲಿಯ ತಗಡಿನ ಶೆಡ್ಡಿನಲ್ಲಿದ್ದು ಬೇಸಿಗೆಯ ಬೆಂಕಿ ಕಾದವಳು. ಇಂಡಿ ಕಡೆಯವಳು. ಪುಣೆಯಲ್ಲಿ ಮನೆಯ ಹೊರಗೆ ಧಾರವಾಡದ ಅವಧೂತ ಕನ್ನಡ ಮಾತಾಡುತ್ತಿದ್ದದ್ದು ಅವಳೊಬ್ಬಳ ಜತೆ.

ದಾನಿಗಳಿಗೆಂದು ವಿಸ್ತರಣೆಯ ಯೋಜನೆ ಬರೆಯುವಾಗ ಸಲಹೆಗಾರ ಕೇಳಿದ್ದ, ಕಾವಲಿನವರಿಗೆ ಕನಿಷ್ಠ ವಿದ್ಯಾರ್ಹತೆ ಏನು? ಸ್ವತಃ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ಅವಧೂತ ತಡಮಾಡದೆ ‘ಪದವಿ’ ಎಂದಿದ್ದ. ತನ್ನ ಗಟ್ಟಿತನ ತನಗೇ ಹಿಡಿಸಿತ್ತು. ಪದವಿಯಿಲ್ಲದ ಚಂದಮ್ಮನ ನೆನಪೇ ಆಗಿರಲಿಲ್ಲ. ಆಮೇಲೆ ತಿದ್ದಲು ಹೋದಾಗ, ದಾನಿಗಳು ಒಪ್ಪಿಯಾಯಿತು ಎಂದಳು ನೀರಜಾ. ಎರಡನೆಯ ಸಲ ಅವನು ಕೇಳಲಿಲ್ಲ.

“ಇವತ್ತು ಅವಳಿಗೆ ಹೇಳ್ತೀರಲ್ಲ?” ನೀರಜಾ ಮರಾಠಿಯಲ್ಲಿ ಕೇಳಿದಳು. “ಶೆಡ್ಡು ತಿಂಗಳ ಕೊನೆಗೆ ಖಾಲಿಯಾಗಬೇಕು.”

“ಹೇಳ್ತೇನೆ.”

ಜೀಪು ಗುಡ್ಡದ ಬಳಿ ನಿಂತಿತು. ಹಿಂದೆಯೇ ಬಂದ ಬಸ್ಸಿನಿಂದ ಹನ್ನೆರಡು ಮಂದಿ ಇಳಿದರು. ಎಲ್ಲರಿಗೂ ಹಸಿರು ಟೀ ಶರ್ಟು, ಕೊರಳಲ್ಲಿ ಗುರುತಿನ ಚೀಟಿ. ಚಂದಮ್ಮ ಕುಡಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುತ್ತಲೇ ಬಂದಳು.

“ಸಾಹೇಬ್ರ, ಇವರೆಲ್ಲಾ ನಮ್ಮವರೇನ್ರಿ?”

“ಹೂಂ. ಹೊಸಬರು.”

ಅವಳು ಬೆರಳು ಮಾಡಿ ಎಣಿಸಿದಳು. “ಹನ್ನೆರಡ ಮಂದಿ. ಒಬ್ಬಾಕಿಗೆ ಆಗವಲ್ದು ಅಂತ ಹ್ವಾದ ವರ್ಷ ನಾ ಅಂದಿದ್ದೆ. ನೀವು ಮರೀಲಿಲ್ಲ ನೋಡ್ರಿ.”

ಅವಧೂತ ಅವಳನ್ನು ಶೆಡ್ಡಿನ ನೆರಳಿಗೆ ಕರೆದೊಯ್ದ. ಅವಳು ತಂಬಿಗೆಯಲ್ಲಿ ನೀರು ಕೊಟ್ಟಳು. ಕುಡಿದ. ಇನ್ನೊಂದು ತಂಬಿಗೆ ಬೇಡಿದ.

“ಚಂದಮ್ಮಾ, ಒಂದ ಮಾತಿತ್ತು.”

“ಹೇಳ್ರಿ.”

“ನಿನ್ನ ಮಗಳು ಚಾಕಣದಾಗ ಇದ್ದಾಳಲ್ಲ?”

“ಅದಾಳ್ರಿ.”

“ಮನಿ ದೊಡ್ಡದೇನು?”

“ಒಂದ ಖೋಲಿ, ಆರ ಮಂದಿ. ಯಾಕ್ರಿ?”

ಗುಡ್ಡದ ಇಳಿಜಾರಿನಲ್ಲಿ ಯಾರೋ ನಕ್ಕರು. ಅವಧೂತ ಆ ಕಡೆ ನೋಡಿದ.

“ಸುಮ್ನ ಕೇಳಿದೆ.”

ಚಂದಮ್ಮ ಆಗಲೇ ಗುಡ್ಡದ ಕಡೆ ನಡೆದಿದ್ದಳು. ಬೆಂಕಿ ದಾಟದಂತೆ ಹುಲ್ಲು ಎಷ್ಟು ಅಗಲ ಸವರಬೇಕು, ಗಾಳಿ ಯಾವ ಹೊತ್ತಿಗೆ ಯಾವ ಕಡೆ ತಿರುಗುತ್ತದೆ, ಎಲ್ಲವನ್ನೂ ತನ್ನ ಮುರುಕು ಮರಾಠಿಯಲ್ಲಿ ಹೊಸಬರಿಗೆ ಹೇಳಿಕೊಟ್ಟಳು. ಅವರು ಪುಸ್ತಕ ತೆರೆದು ಬರೆದುಕೊಂಡರು. ಒಬ್ಬ ಹುಡುಗಿ, ಪ್ರಾಚಿ, “ಇವರು ನಮಗೆ ಇನ್‌ಚಾರ್ಜಾ ಸರ್?” ಎಂದು ಕೇಳಿದಳು. ಅವಧೂತನಿಗೆ ಕೇಳಿಸಿತು. ಕೇಳಿಸದವನಂತೆ ಬಗ್ಗಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದ.

ಮಧ್ಯಾಹ್ನ ನೀರಜಾ ಹತ್ತಿರ ಬಂದಳು. “ಹೇಳಿದಿರಾ?”

“ಹೇಳಿದೆ.”

“ಹೇಗೆ ತಗೊಂಡಳು?”

“ಸಮಾಧಾನದಿಂದ.” ಸುಳ್ಳು ಇಷ್ಟು ಹಗುರವೆಂದು ಅವನಿಗೆ ಗೊತ್ತಿರಲಿಲ್ಲ.

ಹೊರಡುವ ಮೊದಲು ವಾರ್ಷಿಕ ವರದಿಗಾಗಿ ಫೋಟೋ. ಎಲ್ಲರೂ ಎರಡು ಸಾಲಾಗಿ ನಿಂತರು. ಚಂದಮ್ಮ ಮುಖ ತೊಳೆದು, ತಲೆಯ ಮೇಲೆ ಸೆರಗು ಹೊದ್ದು ಬಂದು ಅವಧೂತನ ಪಕ್ಕದಲ್ಲಿ ನಿಂತಳು. ಫೋಟೋದವನು ಕಣ್ಣು ಕಿರಿದುಮಾಡಿ ಕೈ ಬೀಸಿದ. “ಮಾವಶಿ, ಜರಾ ಬಾಜೂಲಾ.” ಚಿಕ್ಕಮ್ಮಾ, ಸ್ವಲ್ಪ ಬದಿಗೆ.

ಅವಳು ಒಂದು ಹೆಜ್ಜೆ ಸರಿದಳು. ಅವನು ಮತ್ತೆ ಕೈ ಬೀಸಿದ. ಇನ್ನೂ ಎರಡು ಹೆಜ್ಜೆ. ಮತ್ತೆ ಬೀಸಿದ. ಅವಳು ನಗುತ್ತ ಸರಿದು ಸರಿದು ಸವರಿದ ಹುಲ್ಲಿನಾಚೆಗೆ ಹೋಗಿ ನಿಂತಳು. ಕರೆಯಬೇಕೆಂದು ಅವಧೂತ ಬಾಯಿ ತೆರೆದ.

“ಯಾರೂ ಅಲುಗಾಡಬೇಡಿ,” ಎಂದ ಫೋಟೋದವನು.

ಅವಧೂತ ಬಾಯಿ ಮುಚ್ಚಿದ. ಕ್ಯಾಮೆರಾದ ಸದ್ದಾಯಿತು. ಸಾಲು ಮುರಿದು ಎಲ್ಲರೂ ಬಸ್ಸಿನ ಕಡೆ ನಡೆದರು. ದೂರದಲ್ಲಿ ಚಂದಮ್ಮ ಕೈಗಳನ್ನು ಮೈಗಂಟಿಸಿಕೊಂಡು, ಉಸಿರು ಹಿಡಿದು, ಕ್ಯಾಮೆರಾ ಇದ್ದ ಖಾಲಿ ಜಾಗವನ್ನೇ ನೋಡುತ್ತ ನಿಂತೇ ಇದ್ದಳು. ಆಯಿತೆಂದು ಅವಳಿಗೆ ಯಾರೂ ಹೇಳಿರಲಿಲ್ಲ.